ಕೋಲಿನ ತುದಿಯ ಚೆಂಡು

ಆ ಸಿನಿಮಾದ ರಾಕ್ಷಸ ನಾನೇ.
ಹೆಸರು ಓಗ್ನ್ಯಾನ್. ವಯಸ್ಸು ಐವತ್ತೆಂಟು.
ಅದಕ್ಕೂ ಮೊದಲು ಸೋಫಿಯಾದ ಟ್ರಾಮಿನಲ್ಲಿ
ಟಿಕೆಟಿಲ್ಲದವರನ್ನು ಹಿಡಿಯುತ್ತಿದ್ದೆ.
ಹದಿನಾಲ್ಕು ಅಡಿಯ ಕೋಲೊಂದನ್ನು ಕೈಗೆ ಕೊಟ್ಟರು,
ತುದಿಯಲ್ಲೊಂದು ಹಳದಿ ಟೆನಿಸ್ ಚೆಂಡು.
‘ಎತ್ತಿ ಹಿಡಿ, ಅಷ್ಟೇ.
ಮಿಕ್ಕದ್ದು ಕಂಪ್ಯೂಟರು ನೋಡಿಕೊಳ್ಳುತ್ತೆ.’

ವಿತೋಶಾ ಬೆಟ್ಟದ ಬುಡದಲ್ಲಿ ಪ್ಲೈವುಡ್ಡಿನ ನ್ಯೂಯಾರ್ಕು.
ಎರಡನೇ ಮಹಡಿಯವರೆಗೆ ಊರು, ಮೇಲೆಲ್ಲ ಹಸಿರು ಬಟ್ಟೆ.
ಬೆಟ್ಟ ಕಾಣಬಾರದೆಂದು
ಇಡೀ ದಿನ ಕ್ಯಾಮೆರಾ ಕತ್ತು ತಗ್ಗಿಸಿಕೊಂಡಿತ್ತು.
ನ್ಯೂಯಾರ್ಕಿನಲ್ಲಿ ಬೆಟ್ಟ ಇದ್ದರೆ ಯಾರೂ ನಂಬುವುದಿಲ್ಲವಂತೆ;
ಏಳು ಕಣ್ಣಿನವನಿದ್ದರೆ ನಂಬುತ್ತಾರಂತೆ.

ನನ್ನನ್ನು ಕಂಡು ಓಡಬೇಕಾದವರು ಇನ್ನೂರು ಮಂದಿ.
ತಲೆಗೆ ಅರವತ್ತು ಲೆವಾ, ಒಂದು ತುಂಡು ಬನಿತ್ಸಾ,
ಕಾಗದದ ಲೋಟದಲ್ಲಿ ಚಹಾ.
ಮುಂದಿನ ಸಾಲಿನಲ್ಲಿ ತ್ಸ್ವೆತಾನಾ,
ಪೆರ್ನಿಕ್ಕಿನ ಗಣಿಯಲ್ಲಿ ಕ್ರೇನು ನಡೆಸಿದವಳು.
‘ಗಂಡನಿಗೆ ಹೆದರಿ ಓಡಲಿಲ್ಲ, ಮೇಲಧಿಕಾರಿಗೆ ಓಡಲಿಲ್ಲ,
ಈಗ ನಿನ್ನ ಚೆಂಡಿಗೆ ಓಡಲೇನೋ?’ ಅಂದಳು.
ಓಡಿದಳು. ನಲವತ್ತು ಸಲ.
ಮಂಡಿ ನೋಯುತ್ತಿತ್ತು. ಹೇಳಲಿಲ್ಲ.

ಸಾಮಾನು ಹೊರುವ ಹುಡುಗ ವೆಂಡೆಲ್, ಓಹಾಯೋದವನು,
ಅಂಗಿಯೊಳಗಿಂದ ಹಳೆಯ ಕಾಮಿಕ್ಸ್ ತೆಗೆದ,
ಮಗುವಿನ ಕುಲಾವಿ ಬಿಚ್ಚಿದ ಹಾಗೆ ಅದರ ಪ್ಲಾಸ್ಟಿಕ್ಕು ಬಿಚ್ಚಿದ.
ಅವನ ಭಾಷೆ ನನಗೆ ಬಾರದು, ನನ್ನದು ಅವನಿಗೆ.
ಬೆರಳಿಟ್ಟು ತೋರಿಸಿದ ಕೊನೆಯ ಪುಟ:
ತಾಮ್ರದ ಗಿಡುಗ ರೆಕ್ಕೆ ಮಡಚಿ ಕಾಲುದಾರಿಯಲ್ಲಿ ಕೂತಿದ್ದಾನೆ,
ಎದುರಿಗೆ ಏಳು ಕಣ್ಣಿನವನು.
ಏಳರಲ್ಲಿ ಒಂದು ಕಣ್ಣು ಮಾತ್ರ ಅಳುತ್ತಿದೆ.
ಆಮೇಲೆ ಹುಡುಗ ನಮ್ಮ ಚಿತ್ರಕಥೆಯ ಕಟ್ಟು ತೋರಿಸಿ
ಎರಡೂ ಕೈ ಎತ್ತಿ, ‘ಬೂಂ’ ಅಂದ.
ಆ ಪದ ಎಲ್ಲರಿಗೂ ಬರುತ್ತದೆ.

ನಲವತ್ತೊಂದನೇ ಸಲ, ಬೆಳಕು ಇಳಿಯುತ್ತಿತ್ತು,
ಯಾಕೋ ಏನೋ, ಕೋಲನ್ನು ಸ್ವಲ್ಪ ಬಗ್ಗಿಸಿದೆ.
ಚೆಂಡು ತಲೆ ತಗ್ಗಿಸಿದ ಹಾಗಾಯಿತು.
ತ್ಸ್ವೆತಾನಾ ನಿಂತಳು.
ನೂರ ತೊಂಬತ್ತೊಂಬತ್ತು ಮಂದಿ ಅವಳನ್ನು ಸುತ್ತಿಕೊಂಡು ಓಡಿದರು,
ಅವಳು ತಿರುಗಿ ನೋಡಿದಳು, ನನ್ನನ್ನಲ್ಲ,
ಅದನ್ನು.
ಕಟ್, ಎಂದು ಧ್ವನಿವರ್ಧಕ ಒದರಿತು.
ನನ್ನ ಅರ್ಧ ದಿನದ ಕೂಲಿ ಮುರಿದುಕೊಂಡರು.

ಒಂದೂವರೆ ವರ್ಷದ ಮೇಲೆ, ಹನ್ನೊಂದರ ಆಟಕ್ಕೆ
ನಾವಿಬ್ಬರೂ ಹೋದೆವು. ಒಟ್ಟು ಐದು ಜನ,
ಅದರಲ್ಲೊಬ್ಬ ಪಾಪ್‌ಕಾರ್ನ್ ಮಾರುವವ, ನಿದ್ದೆಗೆ ಬಂದವ.
ನಾನು ಒದ್ದೆ ಗೋಣಿಚೀಲವಾಗಿದ್ದೆ, ಹೊಗೆಯಾಗಿದ್ದೆ,
ಒಂದು ಕಡೆಯಂತೂ ನನ್ನ ಕಣ್ಣು ಐದೇ ಇದ್ದವು.
ಗಿಡುಗ ಭಾಷಣ ಮಾಡಿದ. ಬೂಂ.
ತ್ಸ್ವೆತಾನಾಳ ಎಡ ಭುಜ ಅರೆಗಳಿಗೆ ಬಂದು ಹೋಯಿತು;
‘ಅಗೋ ನನ್ನ ಕೋಟು,’ ಎಂದಳು.

ಪತ್ರಿಕೆಗಳು ಬೈದವು.
ಬೆಟ್ಟ ಅಗೆದು ಇಲಿ ಹಿಡಿದರು ಎಂಬ ಧಾಟಿಯಲ್ಲಿ.
ನಮ್ಮ ಬೆಟ್ಟವನ್ನು ಯಾರೂ ಅಗೆಯಲಿಲ್ಲ, ಮುಚ್ಚಿಟ್ಟರು ಅಷ್ಟೇ.
ಒಬ್ಬ ಬರೆದಿದ್ದ: ‘ಓಡುವವರಿಗೇ ಗೊತ್ತಿಲ್ಲ
ತಾವು ಯಾಕೆ ಓಡುತ್ತಿದ್ದೇವೆಂದು.’
ಓದಿ ಹೇಳಿದೆ. ಕೆಮ್ಮು ಬರುವಷ್ಟು ನಕ್ಕಳು:
‘ಇದನ್ನು ನನ್ನನ್ನೇ ಕೇಳಿದ್ದರೆ
ಇನ್ನೊಂದು ಬನಿತ್ಸಾಕ್ಕೆ ಹೇಳುತ್ತಿದ್ದೆನಲ್ಲ.’

ಹುಡುಗ ವೆಂಡೆಲ್ ಎಲ್ಲಿದ್ದಾನೋ.
ಪ್ಲೈವುಡ್ಡಿನ ಬೀದಿಯಲ್ಲಿ ಈಗ ಟೂತ್‌ಪೇಸ್ಟಿನ ಜಾಹೀರಾತು.
ಕೋಲನ್ನು ಎಣಿಸಿ, ಸಹಿ ಹಾಕಿಸಿಕೊಂಡು ತೆಗೆದುಕೊಂಡರು.
ಚೆಂಡನ್ನು ಯಾರೂ ಕೇಳಲಿಲ್ಲ.

ಈ ಚಳಿಗಾಲ ಅದಕ್ಕೊಂದು ತೂತು ಕೊರೆದು
ತ್ಸ್ವೆತಾನಾಳ ಊರುಗೋಲಿನ ಬುಡಕ್ಕೆ ಸಿಕ್ಕಿಸಿದ್ದೇನೆ.
ಮಂಜುಗಡ್ಡೆಯ ಮೇಲೆ ಜಾರುವುದಿಲ್ಲ.
ಐದನೇ ನಂಬರಿನ ಟ್ರಾಮು ಬಂದರೂ ಅವಳು ಓಡುವುದಿಲ್ಲ.
ಅದು ನಿಂತಿರುತ್ತದೆ,
ಡ್ರೈವರು ನನಗೆ ಹಳೆಯ ಪರಿಚಯ.